‘1984’ ಓದುಗರ ಕೂಟ: ಮಾತು ಪುಸ್ತಕ ಬಿಟ್ಟು ಹೋಗದಂತೆ ನಡೆಸುವ ಬಗೆ

ಡಿಸ್ಟೋಪಿಯಾ ಕಾದಂಬರಿಯೊಂದನ್ನು, ಅಂದರೆ ಬದುಕು ನರಕವಾದ ಕಲ್ಪಿತ ಸಮಾಜದ ಕಥೆಯನ್ನು, ಹತ್ತು ಜನ ಓದಿ ಮಾತಿಗೆ ಕೂತರೆ, ಎಷ್ಟೋ ಸಲ ಹತ್ತೇ ನಿಮಿಷಕ್ಕೆ ಪುಸ್ತಕ ಪಕ್ಕಕ್ಕೆ ಸರಿದಿರುತ್ತದೆ. ‘ಇದು ಈಗ ನಡೀತಿರೋದೇ ಅಲ್ವಾ?’ ಎಂದು ಒಬ್ಬರು ಶುರು ಮಾಡುತ್ತಾರೆ. ‘ನಿಮ್ಮೋರ ಕಾಲದಲ್ಲಿ ಇರ್ಲಿಲ್ವಾ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಅಲ್ಲಿಂದ ಮುಂದೆ ಎಲ್ಲರೂ ಮನೆಯಿಂದ ಹೊರಡುವಾಗಲೇ ತಂದಿದ್ದ ಮಾತನ್ನೇ ಆಡುತ್ತಾರೆ. ಓದುವಾಗ ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ನಗು ಬಂತು, ಯಾವ ಪುಟದಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆವು ಎಂಬುದು ಹೊರಗೆ ಬರುವುದೇ ಇಲ್ಲ.

ಅದನ್ನು ಹೊರಗೆ ತರುವ ವಿಧಾನ ಇಲ್ಲಿದೆ. ಉದಾಹರಣೆಗೆ ಜಾರ್ಜ್ ಆರ್ವೆಲ್ ಅವರ ‘1984’ ಹಿಡಿದಿದ್ದೇವೆ. ಒಂದೇ ಪಕ್ಷ ಜನರ ಮನಸ್ಸನ್ನೂ ಹಿಡಿತದಲ್ಲಿಟ್ಟು ಆಳುವ ಓಷಿಯಾನಿಯಾ ಎಂಬ ದೇಶದಲ್ಲಿ ಒಳಗೊಳಗೇ ಬಂಡೇಳುವ ವಿನ್‌ಸ್ಟನ್ ಎಂಬ ಸರ್ಕಾರಿ ನೌಕರನ ಕಥೆ ಇದು. 1949ರ ಜೂನ್ 8ರಂದು ಲಂಡನ್ನಿನಲ್ಲಿ ಪ್ರಕಟವಾದ ಈ ಕಾದಂಬರಿಗೆ ಬಂದಷ್ಟು ಬಗೆಬಗೆಯ ಓದುಗರ ಪ್ರತಿಕ್ರಿಯೆ ಈ ಜಾತಿಯ ಇನ್ನೊಂದು ಪುಸ್ತಕಕ್ಕೆ ಸಿಗುವುದು ಕಷ್ಟ. ಇಡೀ ವಿಧಾನ ಒಂದೇ ನಿಯಮದ ಮೇಲೆ ನಿಂತಿದೆ: ‘ಇದು ನಮ್ಮ ಕಾಲದ ಕಥೆ’ ಎಂಬ ಮಾತನ್ನು ಐದನೆಯ ಕೂಟದವರೆಗೆ ಯಾರೂ ಆಡುವಂತಿಲ್ಲ.

ಪ್ರತಿ, ಜನ, ಸಮಯ

ಪುಸ್ತಕದಲ್ಲಿ ಮೂರು ಭಾಗ. ಮೊದಲನೆಯದರಲ್ಲಿ 8 ಅಧ್ಯಾಯ, ಎರಡನೆಯದರಲ್ಲಿ 10, ಮೂರನೆಯದರಲ್ಲಿ 6. ಕೊನೆಯಲ್ಲಿ, ಆ ಪಕ್ಷ ರೂಪಿಸಿದ ‘ನ್ಯೂಸ್ಪೀಕ್’ ಭಾಷೆಯ ಬಗ್ಗೆ ಒಂದು ಅನುಬಂಧ. ಸಾಮಾನ್ಯ ಪೇಪರ್‌ಬ್ಯಾಕ್‌ನಲ್ಲಿ ಒಟ್ಟು ಸುಮಾರು 300 ಪುಟ. ಪ್ರತಿಯೊಬ್ಬರ ಕೈಯಲ್ಲೂ ಬೇರೆ ಬೇರೆ ಮುದ್ರಣ ಇರುವುದರಿಂದ ಪುಟಸಂಖ್ಯೆ ಹೇಳಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಭಾಗ-ಅಧ್ಯಾಯ ಹೇಳುವ ರೂಢಿ ಮಾಡಿಕೊಳ್ಳಿ: ‘2-9’ ಎಂದರೆ ಎರಡನೆಯ ಭಾಗದ ಒಂಬತ್ತನೆಯ ಅಧ್ಯಾಯ. ಈ ಬರಹದಲ್ಲೂ ಹಾಗೆಯೇ ಬಳಸಿದ್ದೇವೆ.

ಪ್ರತಿ ಕೊಳ್ಳುವಾಗ ಎರಡು ಕಡೆ ತೆರೆದು ನೋಡಿ. ಅನುಬಂಧ ಇದೆಯೇ ನೋಡಿ. ಅದಿಲ್ಲದೆ ಐದನೆಯ ಕೂಟ ನಡೆಯುವುದಿಲ್ಲ. ಆಮೇಲೆ 3-6ರಲ್ಲಿ ವಿನ್‌ಸ್ಟನ್ ಮೇಜಿನ ಧೂಳಿನ ಮೇಲೆ ಬೆರಳಾಡಿಸಿ ಲೆಕ್ಕ ಬರೆಯುವ ಸಾಲು ನೋಡಿ. ಅಲ್ಲಿ 2+2=5 ಎಂದಿರಬೇಕು. ಇದನ್ನು ನಿಜವೆಂದು ಒಪ್ಪಿಸುವುದೇ ಅವನನ್ನು ಹಿಂಸಿಸುವವರ ಹಟ. ಹಳೆಯ ಕೆಲವು ಬ್ರಿಟಿಷ್ ಮುದ್ರಣಗಳಲ್ಲಿ ಆ 5 ಬಿದ್ದುಹೋಗಿ ‘2+2=’ ಎಂದಷ್ಟೇ ಉಳಿದಿದೆ. ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡ ಪ್ರತಿಯಲ್ಲಿ ಹೀಗಿರಬಹುದು. 5 ಇಲ್ಲದ ಪ್ರತಿ ಓದಿದವರು ‘ಅವನು ಕೊನೆಗೂ ಪೂರ್ತಿ ಸೋಲಲಿಲ್ಲ’ ಎಂದು ವಾದಿಸುತ್ತಾರೆ. ಇದ್ದ ಪ್ರತಿ ಓದಿದವರಿಗೆ ಆ ವಾದ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಒಂದು ಅಂಕಿಯಿಂದ ಅರ್ಧ ಗಂಟೆ ಹಾಳಾಗದಿರಲಿ.

ಆರ್ವೆಲ್ ತೀರಿಕೊಂಡದ್ದು 1950ರ ಜನವರಿ 21ರಂದು. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ 2011ರಿಂದ ಇಂಗ್ಲಿಷ್ ಮೂಲ ಇಲ್ಲಿ ಎಲ್ಲರ ಸೊತ್ತು. ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಹಂಚಬಹುದು. ಬ್ರಿಟನ್ನಿನಲ್ಲಿ 2021ರಿಂದ ಹಾಗೆ. ಅಮೆರಿಕದಲ್ಲಿ 2044ರ ಕೊನೆಯವರೆಗೂ ಹಕ್ಕು ಉಳಿದಿರುತ್ತದೆ, ಆದ್ದರಿಂದ ಅಲ್ಲಿಯ ಕನ್ನಡ ಬಳಗದವರು ಪ್ರತಿ ಕೊಂಡೇ ಓದಬೇಕು. ಅನುವಾದಗಳ ಹಕ್ಕು ಅನುವಾದಕರದ್ದು, ಅದು ಬೇರೆ ಲೆಕ್ಕ.

ಜನ 8ರಿಂದ 12. ಆರಕ್ಕಿಂತ ಕಡಿಮೆಯಾದರೆ ಇಬ್ಬರ ಭಿನ್ನಾಭಿಪ್ರಾಯವೇ ಇಡೀ ಸಂಜೆಯನ್ನು ತಿಂದುಹಾಕುತ್ತದೆ. ಹನ್ನೆರಡು ದಾಟಿದರೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ. ವಯಸ್ಸು 16ಕ್ಕೆ ಮೇಲಿರಲಿ, ಮೂರನೆಯ ಭಾಗದಲ್ಲಿ ಚಿತ್ರಹಿಂಸೆ ಇದೆ. 65 ದಾಟಿದ ಒಬ್ಬಿಬ್ಬರು ಸಿಕ್ಕಿದರೆ ಬಿಡಬೇಡಿ: 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರ್ ಆದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಓದಿದವರು ಅವರು. ಅವರ ಓದು ಬೇರೆಯೇ ಇರುತ್ತದೆ. ಆರ್ವೆಲ್ ಹುಟ್ಟಿದ್ದು 1903ರ ಜೂನ್ 25ರಂದು, ಬಿಹಾರದ ಮೋತಿಹಾರಿಯಲ್ಲಿ. ತುರ್ತುಪರಿಸ್ಥಿತಿ ಘೋಷಣೆಯಾದದ್ದೂ ಜೂನ್ 25ರ ರಾತ್ರಿ. ಮೊದಲ ಕೂಟಕ್ಕೆ ದಿನ ಹುಡುಕುವವರಿಗೆ ಇದು ಒಳ್ಳೆಯ ದಿನ.

ಐದು ಕೂಟ, ಎರಡು ವಾರಕ್ಕೊಂದು, ತಲಾ 90 ನಿಮಿಷ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಮಾತ್ರ ಒಂದೇ ವಾರ ಬಿಡಿ. ಎರಡನೆಯ ಭಾಗ ಬಂಧನದಲ್ಲಿ ಮುಗಿಯುತ್ತದೆ, ಓದುಗರು ನಿಲ್ಲದೆ ಮುಂದೆ ಓದಿಬಿಡುತ್ತಾರೆ. ಹದಿನೈದು ದಿನ ಆ ಭಾರವನ್ನು ಒಬ್ಬೊಬ್ಬರೇ ಹೊತ್ತು ತಿರುಗುವುದು ಬೇಡ. ಪ್ರತಿ ಕೂಟದ ಹಂಚಿಕೆ ಹೀಗಿರಲಿ: ಮೊದಲು 10 ನಿಮಿಷ ಮೌನವಾಗಿ ಬರೆಯುವುದು, 15 ನಿಮಿಷ ಒಂದು ತುಣುಕನ್ನು ಜೋರಾಗಿ ಓದುವುದು, 50 ನಿಮಿಷ ಮಾತು, ಕೊನೆಯ 15 ನಿಮಿಷ ಕಾಫಿ. ಬರೆಯುವ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ. ಬರೆಯದೆ ಶುರು ಮಾಡಿದರೆ ಮೊದಲು ಮಾತಾಡಿದವರ ಪ್ರತಿಕ್ರಿಯೆಯೇ ಉಳಿದವರ ಪ್ರತಿಕ್ರಿಯೆಯೂ ಆಗಿಬಿಡುತ್ತದೆ.

ನೋಟ್‌ಬುಕ್ಕಿನ ನಾಲ್ಕು ಕಾಲಂ

ಒಬ್ಬೊಬ್ಬರಿಗೂ 100 ಪುಟದ ಒಂದು ನೋಟ್‌ಬುಕ್ ಸಾಕು. ಎದುರುಬದುರು ಎರಡು ಪುಟಗಳನ್ನು ಸೇರಿಸಿ ನಾಲ್ಕು ಕಾಲಂ ಗೆರೆ ಎಳೆಯಿರಿ. ಮೊದಲನೆಯದು ಜಾಗ: 1-5, 2-8 ಹೀಗೆ. ಎರಡನೆಯದು ನನಗೆ ಏನಾಯಿತು. ಮೂರನೆಯದು ಹಾಗೆ ಮಾಡಿದ ಮಾತು ಯಾವುದು; ಇಡೀ ಅಧ್ಯಾಯವಲ್ಲ, ಒಂದು ಸಾಲು ಅಥವಾ ಒಂದು ಪದ. ನಾಲ್ಕನೆಯ ಕಾಲಂನ ತಲೆಗೆ ‘ಇದನ್ನು ಎಲ್ಲಿ ಕಂಡಿದ್ದೇನೆ’ ಎಂದು ಬರೆದು, ಕೆಳಗೆ ಖಾಲಿ ಬಿಡಿ.

ಕೆಲಸ ಕೆಡುವುದು ಎರಡನೆಯ ಕಾಲಂನಲ್ಲಿ. ‘ಡಿಸ್ಟರ್ಬಿಂಗ್’, ‘ಪವರ್‌ಫುಲ್’, ‘ರಿಲೆವೆಂಟ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಓದಿದ್ದರೂ ಈ ಕಾಲಂ ಕನ್ನಡದಲ್ಲೇ ಇರಲಿ ಎಂದು ಪಟ್ಟು ಹಿಡಿಯಿರಿ. ಹೆದರಿಕೆಯೋ, ದಿಗಿಲೋ, ಅಸಹ್ಯವೋ, ಕಸಿವಿಸಿಯೋ, ನಾಚಿಕೆಯೋ, ಹೊಟ್ಟೆಯುರಿಯೋ, ಬರೀ ಬೇಜಾರೋ? ಹೆದರಿಕೆ ಎದುರಿಗೆ ಕಾಣುವ ವಸ್ತುವಿನದ್ದು. ದಿಗಿಲಿಗೆ ವಸ್ತು ಬೇಕಿಲ್ಲ. ಕಸಿವಿಸಿಯಲ್ಲಿ ನಮ್ಮದೂ ಪಾಲಿದೆ ಎಂಬ ಅನುಮಾನ ಇರುತ್ತದೆ. ಪದ ಬದಲಾದರೆ ಮುಂದಿನ ಪ್ರಶ್ನೆಯೇ ಬದಲಾಗುತ್ತದೆ. ‘ನಾಚಿಕೆ’ ಎಂದು ಬರೆದವರನ್ನು ‘ಯಾರ ಪರವಾಗಿ?’ ಎಂದು ಕೇಳಬಹುದು. ‘ಡಿಸ್ಟರ್ಬಿಂಗ್’ ಎಂದವರನ್ನು ಏನು ಕೇಳುವುದು?

‘ಏನೂ ಆಗಲಿಲ್ಲ, ಬೋರಾಯಿತು’ ಎಂಬುದೂ ಒಂದು ನಮೂದು. ಎಲ್ಲಿ ಬೋರಾಯಿತು ಎಂದು ಅಧ್ಯಾಯ ಹಾಕಿಸಿ, ಸಾಕು.

ಮೂರು ವಿಘ್ನ

ಕೂಟ ನಡೆಸುವವರು ತಲೆಯಲ್ಲಿಟ್ಟುಕೊಳ್ಳಬೇಕಾದ ಒಂದು ಹಳೆಯ ಪಟ್ಟಿ ಇದೆ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿದ್ದಾನೆ. ಮೊದಲ ಮೂರು ಡಿಸ್ಟೋಪಿಯಾ ಓದುಗರಿಗೆ ಹೇಳಿ ಮಾಡಿಸಿದಂತಿವೆ.

ಒಂದು, ಸಂಭಾವನಾವಿರಹ: ‘ಇದೆಲ್ಲ ನಡೆಯೋಕೆ ಸಾಧ್ಯವೇ ಇಲ್ಲ’ ಎಂದು ಮನಸ್ಸು ಒಳಕ್ಕೇ ಹೋಗದಿರುವುದು. ಎರಡು, ದೇಶಕಾಲವಿಶೇಷಾವೇಶ: ಕಥೆಯನ್ನು ‘ಇದು ನನ್ನದೇ’ ಅಥವಾ ‘ಇದು ಬೇರೆಯವರದು’ ಎಂದು ಒಂದು ಜಾಗಕ್ಕೂ ಕಾಲಕ್ಕೂ ಗೂಟ ಹೊಡೆದು ಕಟ್ಟಿಬಿಡುವುದು. ‘ಇದು ಸ್ಟಾಲಿನ್ನನ ರಷ್ಯಾ ಅಷ್ಟೇ’ ಎನ್ನುವವರಿಗೂ ‘ಇದು ಇವತ್ತಿನ ಪೇಪರ್’ ಎನ್ನುವವರಿಗೂ ಇರುವುದು ಒಂದೇ ವಿಘ್ನ. ಮೂರು, ನಿಜಸುಖಾದಿವಿವಶೀಭಾವ: ಸ್ವಂತ ಸುಖದುಃಖದ ಹಿಡಿತದಲ್ಲಿರುವುದು. ಪೊಲೀಸರ ಕೈಗೆ ಸಿಕ್ಕಿ ನೊಂದವರು, ಮನೆಯಲ್ಲೇ ಹೊಡೆತ ತಿಂದವರು ಮೂರನೆಯ ಭಾಗವನ್ನು ಕಾದಂಬರಿಯಾಗಿ ಓದಲಾರರು.

ಯಾರಾದರೂ ಸಿಕ್ಕಿಹಾಕಿಕೊಂಡಾಗ ಯಾವ ವಿಘ್ನವೆಂದು ಗುರುತಿಸಿ. ಮೊದಲನೆಯದಕ್ಕೆ ಮದ್ದು ಚಿಕ್ಕ ವಿವರ: 1-4ರಲ್ಲಿ ಚಾಕೊಲೇಟ್ ರೇಷನ್ 30 ಗ್ರಾಮಿನಿಂದ 20ಕ್ಕೆ ಇಳಿಯಲಿದೆ ಎಂದು ಬರುತ್ತದೆ, 1-5ರಲ್ಲಿ ಅದನ್ನೇ 20ಕ್ಕೆ ಏರಿಸಿದ್ದಕ್ಕಾಗಿ ಕೃತಜ್ಞತೆಯ ಮೆರವಣಿಗೆ ನಡೆದಿರುತ್ತದೆ. ಎರಡೂ ಸಾಲುಗಳನ್ನು ಓದಿಸಿ, ಓದುವಾಗ ಎಷ್ಟು ಜನ ವ್ಯತ್ಯಾಸ ಗಮನಿಸದೆ ದಾಟಿದರು ಎಂದು ಕೈ ಎತ್ತಿಸಿ. ಎರಡನೆಯದಕ್ಕೆ ಖಾಲಿ ಬಿಟ್ಟ ನಾಲ್ಕನೆಯ ಕಾಲಂ. ಮೂರನೆಯದಕ್ಕೆ ವಾದ ಮದ್ದಲ್ಲ. ಅವರನ್ನು ಅವರ ಪಾಡಿಗೆ ಬಿಡಬೇಕು, ಮುಂದೆ ನೋಡೋಣ.

ಮೊದಲ ಕೂಟ: 1-1 ಮಾತ್ರ

ಮನೆಯಲ್ಲಿ ಓದಿಕೊಂಡು ಬರುವುದು ಬೇಡ. ಮೊದಲ ಅಧ್ಯಾಯವನ್ನು ಅಲ್ಲೇ ಜೋರಾಗಿ ಓದಿ, ಮೂವರು ಹಂಚಿಕೊಂಡರೆ ತಲಾ 15 ನಿಮಿಷ. ಈ ಒಂದು ದಿನ ಮಾತಿನ ಸಮಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಬರೆಯುವುದು ಓದಿನ ನಂತರ ಬರುತ್ತದೆ.

ಮೊದಲ ಸಾಲಿನಲ್ಲೇ ಗಡಿಯಾರಗಳು ಹದಿಮೂರು ಹೊಡೆಯುತ್ತವೆ. ರೈಲ್ವೆ ಟಿಕೆಟ್ಟಿನಲ್ಲಿ 13.00 ನೋಡಿ ಅಭ್ಯಾಸವಾದ ನಮ್ಮ ಓದುಗರು ಇದನ್ನು ಗಮನಿಸದೆ ದಾಟುವುದುಂಟು. ವಿಚಿತ್ರ ಇರುವುದು ‘ಹೊಡೆಯುವುದರಲ್ಲಿ’: ಗೋಡೆ ಗಡಿಯಾರ ಹದಿಮೂರು ಸಲ ಢಣ್ ಎಂದರೆ ಹೇಗಿರುತ್ತದೆ, ಎಣಿಸಲು ಹೇಳಿ.

ಓದಿ ಮುಗಿದ ಮೇಲೆ ಎರಡು ಜಾಗಗಳಿಗೆ ಹಿಂದಿರುಗಿ. ವಿನ್‌ಸ್ಟನ್ ದಿನಚರಿಯಲ್ಲಿ ಬರೆಯುವ ಸಿನಿಮಾ ಪ್ರಸಂಗ ಒಂದು. ನಿರಾಶ್ರಿತರ ಹಡಗಿನ ಮೇಲೆ ಬಾಂಬು ಬೀಳುತ್ತದೆ, ಪ್ರೇಕ್ಷಕರು ನಗುತ್ತಾರೆ, ಆಕ್ಷೇಪಿಸುವವಳು ಬಡವರ ಸಾಲಿನಲ್ಲಿ ಕೂತ ಒಬ್ಬ ಹೆಂಗಸು ಮಾತ್ರ. ವಿನ್‌ಸ್ಟನ್ ಅದನ್ನು ಒಳ್ಳೆಯ ಚಿತ್ರ ಎಂದೇ ಬರೆದುಕೊಳ್ಳುತ್ತಾನೆ. ಎರಡನೆಯದು ‘ಎರಡು ನಿಮಿಷದ ದ್ವೇಷ’: ಪಕ್ಷದ ಶತ್ರುವನ್ನು ತೆರೆಯ ಮೇಲೆ ತೋರಿಸಿ ಎಲ್ಲರೂ ಕಿರುಚುವ ನಿತ್ಯದ ಕಾರ್ಯಕ್ರಮ. ಅದರ ನಡುವೆ ಅವನ ಮನಸ್ಸಿನಲ್ಲಿ ಹಿಂದೆ ಕೂತ ಕಪ್ಪುಕೂದಲಿನ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ ಕತ್ತು ಕೊಯ್ಯುವ ಕಲ್ಪನೆ ಹಾದುಹೋಗುತ್ತದೆ. ಹಲವು ಓದುಗರು, ಹೆಚ್ಚಾಗಿ ಗಂಡಸರು, ಇದನ್ನು ಮರೆತೇಬಿಡುತ್ತಾರೆ. ಮಹಿಳೆಯರ ನೋಟ್‌ಬುಕ್ಕಿನಲ್ಲಿ ಅದೇ ಮೊದಲ ಸಾಲಾಗಿರಬಹುದು. ಈ ಅಂತರ ತಾನಾಗಿ ಕಾಣಲಿ. ಲೇಖಕನ ಪರ ವಕಾಲತ್ತು ವಹಿಸಲು ಯಾರಾದರೂ ಹೊರಟರೆ ‘ಅದು ಐದನೆಯ ಕೂಟಕ್ಕೆ’ ಎಂದು ತಡೆಯಿರಿ.

ಎರಡನೆಯದು: ಪಾರ್ಸನ್ಸ್ ಮತ್ತು ಕೆಲಸದ ಸುಖ

1-2ರಿಂದ 1-8ರವರೆಗೆ ಓದಿ ಬರಬೇಕು. ಈ ಹೊತ್ತಿಗೆ ಎಲ್ಲರೂ ತಮ್ಮನ್ನು ವಿನ್‌ಸ್ಟನ್ ಜೊತೆ ಸೇರಿಸಿಕೊಂಡಿರುತ್ತಾರೆ. ಡಿಸ್ಟೋಪಿಯಾ ಓದಿನ ಅತಿ ಸಾಮಾನ್ಯ ದೋಷ ಇದು. ಎದುರಿಸಿ ನಿಲ್ಲುವ ಒಬ್ಬನೇ ಒಬ್ಬನ ಜಾಗದಲ್ಲಿ ಹತ್ತಕ್ಕೆ ಹತ್ತು ಜನರೂ ಕೂರುತ್ತಾರೆ, ಉಳಿದ ಪಾತ್ರಗಳೆಲ್ಲ ‘ಆ ಜನ’ ಆಗಿಬಿಡುತ್ತಾರೆ.

ಬಿಡಿಸಲು ಎರಡು ಕೆಲಸ ಮಾಡಿ. 1-4ನ್ನು ತೆಗೆದು, ಹಳೆಯ ಪತ್ರಿಕೆಗಳನ್ನು ತಿದ್ದುವ ಕೆಲಸವೇ ವಿನ್‌ಸ್ಟನ್‌ಗೆ ಬದುಕಿನ ದೊಡ್ಡ ಸಂತೋಷ ಎಂದು ನೇರವಾಗಿ ಹೇಳುವ ಭಾಗವನ್ನು ಓದಿಸಿ. ಇರದಿದ್ದ ಕಾಮ್ರೇಡ್ ಒಗಿಲ್ವಿಯನ್ನು ಅವನು ಎಷ್ಟು ಕುಶಲತೆಯಿಂದ ಹುಟ್ಟಿಸುತ್ತಾನೆ ನೋಡಿ. ಓದುವಾಗ ನಮಗೂ ಅದರಲ್ಲಿ ಒಂದು ಬಗೆಯ ಖುಷಿ ಸಿಕ್ಕಿತೇ? ಸಿಕ್ಕಿದ್ದರೆ ಎರಡನೆಯ ಕಾಲಂನಲ್ಲಿ ಹಾಗೆಂದೇ ಬರೆಯಬೇಕು. ಆಮೇಲೆ ಐದು ನಿಮಿಷ ಪಕ್ಕದ ಮನೆಯ ಪಾರ್ಸನ್ಸ್ ಆಗಿ ಬರೆಯಿರಿ: ವಂತಿಗೆ ಎತ್ತುವವನು, ಬೀದಿ ಸಿಂಗರಿಸುವವನು, ಮಕ್ಕಳ ಉತ್ಸಾಹ ಕಂಡು ಹಿಗ್ಗುವವನು. ಅವನ ಕಣ್ಣಿಗೆ ವಿನ್‌ಸ್ಟನ್ ಹೇಗೆ ಕಾಣುತ್ತಾನೆ? ಬರೆಯಲು ಕಷ್ಟವಾಗುವುದಿಲ್ಲ. ಕಷ್ಟವಾಗದಿರುವುದೇ ಅವತ್ತಿನ ಚರ್ಚೆಯ ವಿಷಯ.

ಮೂರನೆಯದು: ದಾಟಿಹೋದ ಮಾತು

ಎರಡನೆಯ ಭಾಗ ಪ್ರೇಮಕಥೆ ಇರುವ ಭಾಗ, ಎಲ್ಲರೂ ಬೇಗ ಓದುತ್ತಾರೆ. ಬೇಗ ಓದಿದ್ದರಿಂದಲೇ 2-8ರಲ್ಲಿ ಒಂದು ಮಾತು ಜಾರಿಹೋಗುತ್ತದೆ. ಗುಪ್ತ ಬಂಡಾಯಗಾರನಂತೆ ನಟಿಸುವ ಪಕ್ಷದ ಹಿರಿಯ ಒಬ್ರಿಯನ್ ಒಂದೊಂದಾಗಿ ಕೇಳುತ್ತಾನೆ: ಕೊಲೆ ಮಾಡುತ್ತೀರಾ, ನೂರಾರು ಅಮಾಯಕರು ಸಾಯುವ ವಿಧ್ವಂಸ ಮಾಡುತ್ತೀರಾ, ಅನುಕೂಲವಾಗುವುದಾದರೆ ಮಗುವಿನ ಮುಖಕ್ಕೆ ಆಸಿಡ್ ಎರಚುತ್ತೀರಾ. ವಿನ್‌ಸ್ಟನ್ ಇವೆಲ್ಲಕ್ಕೂ ಹೌದೆನ್ನುತ್ತಾನೆ. 3-3ರಲ್ಲಿ ಒಬ್ರಿಯನ್ ಇದೇ ಧ್ವನಿಮುದ್ರಣವನ್ನು ಅವನ ಎದುರಿಗೇ ಹಾಕಿ ಕೇಳಿಸುತ್ತಾನೆ.

ಕೂಟದ ಶುರುವಿನಲ್ಲೇ, ಯಾರೂ ಪುಸ್ತಕ ತೆರೆಯುವ ಮೊದಲು, ಚೀಟಿ ಹಂಚಿ: ‘2-8ರಲ್ಲಿ ವಿನ್‌ಸ್ಟನ್ ಏನೇನಕ್ಕೆ ಒಪ್ಪಿದ?’ ಚೀಟಿಗಳನ್ನು ಮಡಿಸಿ ಡಬ್ಬಿಗೆ ಹಾಕಿಸಿ, ಹೆಸರು ಬೇಡ. ಆಸಿಡ್ಡನ್ನು ನೆನಪಿಟ್ಟವರು ಎಷ್ಟು ಜನ ಎಂದು ಎಣಿಸಿ. ಆಮೇಲೆ ಆ ಪುಟ ಜೋರಾಗಿ ಓದಿ. ಈ ಐದು ಕೂಟಗಳಲ್ಲಿ ಮಾತು ತಾನಾಗಿಯೇ ಆಳಕ್ಕಿಳಿಯುವ ಜಾಗ ಇದೊಂದು. ನಾವು ‘ನಮ್ಮ ಪಕ್ಷದವನು’ ಎಂದು ಮೆಚ್ಚಿಕೊಂಡವನ ಮಾತಿಗೆ ಕಿವಿ ಮುಚ್ಚಿಕೊಂಡದ್ದು ಹೇಗೆ ಎಂಬ ಪ್ರಶ್ನೆ ಇಲ್ಲಿ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ, ನಡೆಸುವವರು ಕೇಳಬೇಕಿಲ್ಲ.

2-9ರಲ್ಲಿ ಪಕ್ಷದ ಶತ್ರುವೆನಿಸಿದ ಗೋಲ್ಡ್‌ಸ್ಟೈನ್ ಬರೆದನೆನ್ನುವ ‘ಪುಸ್ತಕ’ ಹತ್ತಾರು ಪುಟ ಹಾಗೇ ಬರುತ್ತದೆ. ಹಲವರು ಹಾರಿಸುತ್ತಾರೆ, ಹಾರಿಸಿದ್ದನ್ನು ಮುಚ್ಚಿಡುತ್ತಾರೆ. ಮುಚ್ಚಿಡುವ ಅಗತ್ಯವಿಲ್ಲ: ವಿನ್‌ಸ್ಟನ್ ಜೋರಾಗಿ ಓದುತ್ತಿರುವಾಗ ಅವನ ಪ್ರೇಯಸಿ ಜೂಲಿಯಾ ನಿದ್ದೆಹೋಗಿರುತ್ತಾಳೆ. ಕಾದಂಬರಿಯ ಒಳಗೇ ಆರ್ವೆಲ್ ಇಬ್ಬರು ಓದುಗರನ್ನು ಕೂರಿಸಿದ್ದಾನೆ. ಯಾವ ಪ್ಯಾರಾದಲ್ಲಿ ಬಿಟ್ಟಿರಿ ಎಂದು ಗುರುತು ಹಾಕಿಸಿ, ಯಾರು ವಿನ್‌ಸ್ಟನ್, ಯಾರು ಜೂಲಿಯಾ ಎಂದು ಎರಡು ಸಾಲು ಮಾಡಿ, ಜೂಲಿಯಾ ಸಾಲಿನವರಿಗೆ ಮೊದಲು ಮಾತು ಕೊಡಿ. ಗೋಲ್ಡ್‌ಸ್ಟೈನ್‌ನ ಈ ‘ಪುಸ್ತಕ’ವನ್ನು ಕಾದಂಬರಿಯಿಂದ ಬಿಡಿಸಿ ತೆಗೆಯಬೇಕು, ಅನುಬಂಧವನ್ನೂ ತೆಗೆಯಬೇಕು ಎಂದು ಅಮೆರಿಕದ ಬುಕ್ ಆಫ್ ದ ಮಂತ್ ಕ್ಲಬ್ ಕೇಳಿತ್ತು, ಆರ್ವೆಲ್ ಒಪ್ಪಲಿಲ್ಲ.

ಜೂಲಿಯಾಳ ಬಗ್ಗೆ ತಕರಾರು ಈ ಕೂಟದಲ್ಲಿ ಬರದಿದ್ದರೆ ಆಶ್ಚರ್ಯ. ಅವಳ ಬಂಡಾಯ ಸೊಂಟದ ಕೆಳಗಿನದ್ದು ಮಾತ್ರ ಎಂದು ವಿನ್‌ಸ್ಟನ್ 2-5ರಲ್ಲಿ ಅನ್ನುತ್ತಾನೆ. ಹೆಂಡತಿಯನ್ನು ಬಂಡೆಯಿಂದ ತಳ್ಳದೆ ಬಿಟ್ಟದ್ದಕ್ಕೆ ವಿಷಾದಪಡುತ್ತಾನೆ 2-3ರಲ್ಲಿ. ಈ ತಕರಾರು ಹೊಸದಲ್ಲ, ದೊಡ್ಡ ಮಟ್ಟದಲ್ಲೇ ದಾಖಲಾಗಿದೆ: 2023ರಲ್ಲಿ ಸಾಂಡ್ರಾ ನ್ಯೂಮನ್ ಇದೇ ಕಥೆಯನ್ನು ಜೂಲಿಯಾಳ ಕಡೆಯಿಂದ ಬರೆದು ಕಾದಂಬರಿಯಾಗಿ ಪ್ರಕಟಿಸಿದರು.

ನಾಲ್ಕನೆಯದು: ಮೂರನೆಯ ಭಾಗ

ಮೂರನೆಯ ಕೂಟ ಮುಗಿಸುವಾಗಲೇ ಎಚ್ಚರಿಕೆ ಹೇಳಿ ಕಳುಹಿಸಿ. ಮುಂದಿನ ಭಾಗದಲ್ಲಿ ಹೊಡೆತ, ಹಸಿವು, ವಿದ್ಯುತ್ ಹಿಂಸೆಯಂಥ ನೋವು, 3-5ರಲ್ಲಿ ಇಲಿಗಳ ಪಂಜರ ಇದೆ ಎಂದು ಬಿಡಿಸಿಯೇ ಹೇಳಿ. ‘ಸ್ವಲ್ಪ ಹೆವಿ ಇದೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. 3-5 ಬಿಟ್ಟು 3-6 ಓದಿದರೂ ಕೂಟಕ್ಕೆ ಬರಬಹುದು. ಅಲ್ಲಿ ಏನಾಯಿತೆಂದು ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಈ ದಿನ ಸುತ್ತು ಹಾಕಿ ಎಲ್ಲರನ್ನೂ ಮಾತಾಡಿಸುವ ಪದ್ಧತಿ ಬಿಡಿ. ಮಾತಾಡಬೇಕೆನಿಸಿದವರು ಆಡಲಿ. ಸುಮ್ಮನೆ ಕೂತವರನ್ನು ‘ನೀವೇನಂತೀರಿ?’ ಎಂದು ಎಳೆಯಬೇಡಿ. ಮೂರನೆಯ ವಿಘ್ನದವರು ಅವರಾಗಿರಬಹುದು. ಯಾರಾದರೂ ಎದ್ದು ಹೊರಗೆ ಹೋದರೆ ಒಬ್ಬರು ಮಾತ್ರ ಜೊತೆಗೆ ಹೋಗಲಿ, ಉಳಿದವರು ಮುಂದುವರಿಸಲಿ. ಜೋರಾಗಿ ಓದಲು ಚಿತ್ರಹಿಂಸೆಯ ಪುಟ ಬೇಡ. 3-1ರಲ್ಲಿ ಪಾರ್ಸನ್ಸ್ ಲಾಕಪ್ಪಿಗೆ ಬರುವ ಭಾಗ ತೆಗೆದುಕೊಳ್ಳಿ. ನಿದ್ದೆಯಲ್ಲಿ ಪಕ್ಷದ ನಾಯಕ ಬಿಗ್ ಬ್ರದರ್ ವಿರುದ್ಧ ಕೂಗಿದ್ದನ್ನು ಕೇಳಿಸಿಕೊಂಡು ಹಿಡಿದುಕೊಟ್ಟವಳು ಏಳು ವರ್ಷದ ಅವನ ಮಗಳೇ. ಅದಕ್ಕೂ ಅವನು ಹೆಮ್ಮೆಪಡುತ್ತಾನೆ. ಎರಡನೆಯ ಕೂಟದಲ್ಲಿ ಪಾರ್ಸನ್ಸ್ ಆಗಿ ಬರೆದವರಿಗೆ ಈ ಪುಟ ಬೇರೆಯಾಗಿ ತಟ್ಟುತ್ತದೆ.

ಓದಿಯೂ ಏನೂ ಅನಿಸದವರು ಇರುತ್ತಾರೆ, ಸಿನಿಮಾ-ಸೀರೀಸ್‌ಗಳಲ್ಲಿ ಇದಕ್ಕಿಂತ ಹೆಚ್ಚು ನೋಡಿರುತ್ತಾರೆ. ಅವರನ್ನು ಕಲ್ಲು ಮನಸ್ಸಿನವರೆಂದು ತಿಳಿಯಬೇಡಿ; 3-3ರಲ್ಲಿ ವಿನ್‌ಸ್ಟನ್ ಕನ್ನಡಿಯಲ್ಲಿ ತನ್ನ ಮೈಯನ್ನು ನೋಡಿಕೊಳ್ಳುವ ಪುಟವನ್ನು ಇನ್ನೊಮ್ಮೆ ನಿಧಾನವಾಗಿ ಓದಲು ಕೊಡಿ. ಕಾಫಿಯ 15 ನಿಮಿಷವನ್ನು ಈ ದಿನ 30 ಮಾಡಿ. ಮೂರನೆಯ ಭಾಗದಿಂದ ನೇರವಾಗಿ ಬಸ್‌ಸ್ಟಾಪಿಗೆ ಯಾರನ್ನೂ ಕಳುಹಿಸಬಾರದು.

ಐದನೆಯದು: ಖಾಲಿ ಕಾಲಂ

ಮೊದಲು ಅನುಬಂಧ. ನ್ಯೂಸ್ಪೀಕ್ ಓಷಿಯಾನಿಯಾದ ಅಧಿಕೃತ ಭಾಷೆ ‘ಆಗಿತ್ತು’ ಎಂದು ಅದು ಶುರುವಾಗುತ್ತದೆ. ಕೊನೆಯವರೆಗೂ ಭೂತಕಾಲ. ಬರೆದವನು ಯಾರು, ಯಾವ ಕಾಲದಲ್ಲಿ ಕೂತು ಬರೆದ? ಆಡಳಿತ ಬಿದ್ದುಹೋದ ಮೇಲೆ ಬರೆದದ್ದು ಎಂದು ಕೆಲವರು ಓದುತ್ತಾರೆ, ಇಂಗ್ಲಿಷ್ ಗದ್ಯದ ಸಾಮಾನ್ಯ ರೂಢಿ ಎಂದು ಕೆಲವರು. ಅನುಬಂಧ ಓದಿದ ಮೇಲೆ 3-6ರ ಕೊನೆಯ ಸಾಲಿಗೆ ನೀಡಿದ್ದ ಪ್ರತಿಕ್ರಿಯೆ ಬದಲಾಯಿತೇ ಎಂದು ಬರೆಸಿ. 15 ನಿಮಿಷ ಸಾಕು.

ಆಮೇಲೆ ಬೇರೆ ಓದುಗರು. ಐದು ಚೀಟಿ ಮಾಡಿ ಇಬ್ಬಿಬ್ಬರಿಗೆ ಒಂದರಂತೆ ಕೊಡಿ. 1949ರ ಜೂನ್‌ನಲ್ಲಿ ಆರ್ವೆಲ್ ಅಮೆರಿಕದ ಮೋಟಾರು ಕಾರ್ಮಿಕರ ಸಂಘದವರೊಬ್ಬರಿಗೆ ಪತ್ರ ಬರೆದು, ತನ್ನ ಕಾದಂಬರಿ ಸಮಾಜವಾದದ ಮೇಲಿನ ದಾಳಿಯಲ್ಲ, ಲೇಬರ್ ಪಕ್ಷದ ಮೇಲಿನದ್ದೂ ಅಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ, ಹಿಂದೆ ಈಟನ್ ಶಾಲೆಯಲ್ಲಿ ಆರ್ವೆಲ್‌ಗೆ ಫ್ರೆಂಚ್ ಕಲಿಸಿದ್ದ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ, ಮುಂದಿನ ಆಳುವವರಿಗೆ ದೊಣ್ಣೆ-ಜೈಲಿಗಿಂತ ಎಳೆತನದಲ್ಲೇ ಮನಸ್ಸನ್ನು ಒಗ್ಗಿಸುವ ದಾರಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಪತ್ರ ಬರೆದ. 1953ರಲ್ಲಿ ಪೋಲಿಷ್ ಕವಿ ಚೆಸ್ವಾವ್ ಮಿವೋಶ್, ಗುಟ್ಟಾಗಿ ಪ್ರತಿ ಸಂಪಾದಿಸಿ ಓದಿದ ಪೂರ್ವ ಯೂರೋಪಿನವರಿಗೆ, ರಷ್ಯಾದಲ್ಲಿ ಎಂದೂ ಬಾಳದವನಿಗೆ ಇಷ್ಟು ಹೇಗೆ ತಿಳಿಯಿತು ಎಂದು ಬೆರಗಾಯಿತೆಂದು ದಾಖಲಿಸಿದ. 1954ರ ಡಿಸೆಂಬರ್ 12ರಂದು ಬಿಬಿಸಿ ಇದನ್ನು ಟಿವಿ ನಾಟಕವಾಗಿ ತೋರಿಸಿದಾಗ ದೂರುಗಳ ಮಳೆಯಾಗಿ ಮಾತು ಪಾರ್ಲಿಮೆಂಟಿಗೂ ಹೋಯಿತು; ನಾಲ್ಕು ದಿನದ ನಂತರದ ಎರಡನೆಯ ಪ್ರದರ್ಶನವನ್ನು ಬಿಬಿಸಿ ನಿಲ್ಲಿಸಲಿಲ್ಲ. 2014ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಬ್ಯಾಂಕಾಕ್‌ನಲ್ಲಿ ಕೆಲವರು ಸಾರ್ವಜನಿಕವಾಗಿ ಕೂತು ಈ ಪುಸ್ತಕ ಓದುವುದನ್ನೇ ಪ್ರತಿಭಟನೆ ಮಾಡಿಕೊಂಡರು. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ಈ ಓದುಗ ಯಾವ ಭಾಗವನ್ನು ಹಿಡಿದುಕೊಂಡಿದ್ದಾನೆ, ಯಾವುದನ್ನು ಬಿಟ್ಟಿದ್ದಾನೆ? 20 ನಿಮಿಷ.

ಈಗ ನಾಲ್ಕನೆಯ ಕಾಲಂ ತುಂಬಿ. ಇಷ್ಟು ದಿನ ತಡೆದಿಟ್ಟ ಮಾತು ಈಗ ಬರಲಿ, ಮೂರು ಪರೀಕ್ಷೆ ದಾಟಿ ಬರಲಿ. ಮೊದಲನೆಯದು, ಹೊರರೂಪ ಹೋಲುತ್ತದೋ ಕೆಲಸ ಮಾಡುವ ಬಗೆ ಹೋಲುತ್ತದೋ. ‘ಅಪಾರ್ಟ್‌ಮೆಂಟಿನ ಸಿಸಿಟಿವಿ ಅಂದ್ರೆ ಟೆಲಿಸ್ಕ್ರೀನ್’ ಎಂದರೆ ಬಿಡಬೇಡಿ. ಮನೆಯೊಳಗಿನದನ್ನು ನೋಡುತ್ತ ಕೇಳುತ್ತ ಇರುವ ಟೆಲಿಸ್ಕ್ರೀನ್ ಕೆಲಸ ಮಾಡುವುದು ಈ ಕ್ಷಣ ನೋಡುತ್ತಿದ್ದಾರೋ ಇಲ್ಲವೋ ತಿಳಿಯದಿರುವುದರಿಂದ. ಅದನ್ನು ಆಫ್ ಮಾಡುವ ಅಧಿಕಾರ ಒಬ್ರಿಯನ್‌ನಂಥವರಿಗೆ ಮಾತ್ರ, ಅದೂ ಸ್ವಲ್ಪ ಹೊತ್ತು. ಸಿಸಿಟಿವಿಯನ್ನು ಆರಿಸುವವರು ಯಾರು, ಅದರಿಂದ ನಮ್ಮ ನಡೆ ಬದಲಾಗಿದೆಯೇ? ಮೊಬೈಲನ್ನು ನಾವೇ ದುಡ್ಡು ಕೊಟ್ಟು ತಂದು ದಿಂಬಿನ ಪಕ್ಕ ಇಟ್ಟುಕೊಂಡದ್ದು, ಅದು ಹಕ್ಸ್‌ಲಿಯ ಪತ್ರಕ್ಕೆ ಹತ್ತಿರ. ಎರಡನೆಯದು, ಹೋಲದಿರುವ ಒಂದು ಅಂಶವನ್ನೂ ಬರೆಯಬೇಕು. ಓಷಿಯಾನಿಯಾದಲ್ಲಿ 100ಕ್ಕೆ 85ರಷ್ಟಿರುವ ‘ಪ್ರೋಲ್’ (ದುಡಿಯುವ ವರ್ಗದ) ಜನರಲ್ಲಿ ಹೆಚ್ಚಿನವರ ಮನೆಯಲ್ಲಿ ಟೆಲಿಸ್ಕ್ರೀನೇ ಇಲ್ಲ. ಎಲ್ಲರ ಮೇಲೂ ಕಣ್ಣು ಎಂದುಕೊಂಡವರಿಗೆ 1-7 ಮತ್ತೆ ತೋರಿಸಿ. ಮೂರನೆಯದು ಅತಿ ಮುಖ್ಯ: ಕನಿಷ್ಠ ಒಂದು ಉದಾಹರಣೆ ನಮ್ಮದೇ ಕಡೆಯದ್ದಾಗಿರಬೇಕು. ನಾವು ಓಟು ಹಾಕುವ ಪಕ್ಷ, ನಮ್ಮ ಜಾತಿ ಸಂಘ, ನಮ್ಮ ಆಫೀಸು, ನಮ್ಮ ಮನೆಯ ಊಟದ ಮೇಜು, ಮಗಳ ಮೊಬೈಲನ್ನು ತೆರೆದು ನೋಡುವ ನಮ್ಮ ಅಭ್ಯಾಸ. ಈ ಮೂರನೆಯದನ್ನು ಬರೆಯದವರ ಉಳಿದ ಉದಾಹರಣೆಗಳನ್ನು ಓದಿಸಬೇಡಿ. ನಿಯಮ ಕಠಿಣವೆನಿಸಬಹುದು, ಆದರೆ ಇದನ್ನು ಸಡಿಲಿಸಿದ ಕೂಡಲೇ ಹತ್ತು ನಿಮಿಷದಲ್ಲಿ ಕೆಡುವ ಆ ಹಳೆಯ ಕೂಟವೇ ಮರಳಿ ಬರುತ್ತದೆ.

ಜಗಳವಾದರೆ? ‘ಯಾವ ಸಾಲು?’ ಎಂದು ಕೇಳಿ, ಅಷ್ಟೇ. ಸಾಲು ತೋರಿಸಿದರೆ ಮಾತು ಮುಂದುವರಿಯಲಿ. ತೋರಿಸಲಾಗದಿದ್ದರೆ ಕಾಫಿಯ ಹೊತ್ತಿಗೆ ಇಟ್ಟುಕೊಳ್ಳಲಿ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೂಟದ ದಿನ, ಸಮಯ, ಅಧ್ಯಾಯ ಬಿಟ್ಟು ಬೇರೇನನ್ನೂ ಹಾಕುವುದಿಲ್ಲವೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಬರೆದು ಇಡುವುದಾದರೆ

ಕೂಟದ ನಂತರ ಒಬ್ಬೊಬ್ಬರೂ 400-500 ಪದದ ಪ್ರತಿಕ್ರಿಯೆ ಬರೆಯುವುದು ಒಳ್ಳೆಯದು. ಕಥಾಸಾರ ಬೇಡ. ‘ಇಂದಿಗೂ ಪ್ರಸ್ತುತ’, ‘ಕಣ್ಣು ತೆರೆಸುವ ಕೃತಿ’, ‘ಎಲ್ಲರೂ ಓದಲೇಬೇಕಾದ’ ಇವುಗಳನ್ನು ಹೊಡೆದುಹಾಕಿ ಉಳಿದದ್ದೆಷ್ಟು ನೋಡಿ. ನೋಟ್‌ಬುಕ್ಕಿನಿಂದ ಒಂದೇ ಒಂದು ನಮೂದು ಆರಿಸಿ, ಆ ಜಾಗದಿಂದ ಶುರು ಮಾಡಿ, ಆ ಸಾಲನ್ನು ಕನ್ನಡದಲ್ಲಿ ನೀವೇ ಹೇಳಿ, ನಿಮಗೆ ಏನಾಯಿತೆಂದು ಬರೆಯಿರಿ. ಎರಡನೆಯ ಓದಿನಲ್ಲಿ ಅದು ಬದಲಾಗಿದ್ದರೆ ಅದನ್ನೂ. ಬೇರೆಯವರು ಕೂಟದಲ್ಲಿ ಆಡಿದ ಮಾತನ್ನು ಹೆಸರಿಲ್ಲದೆಯೂ ಅವರನ್ನು ಕೇಳದೆ ಹಾಕಬೇಡಿ.

ನೋಟ್‌ಬುಕ್ ಎಸೆಯಬೇಡಿ. ಒಂದು ವರ್ಷ ಬಿಟ್ಟು 1-1 ಮಾತ್ರ ಮತ್ತೆ ಓದಿ. ಹಳೆಯ ನಮೂದುಗಳ ಮೇಲೆ ಕಾಗದ ಮುಚ್ಚಿ, ಬೇರೆ ಬಣ್ಣದ ಶಾಯಿಯಲ್ಲಿ ಅದೇ ಕಾಲಂಗಳನ್ನು ತುಂಬಿ, ಆಮೇಲೆ ಕಾಗದ ತೆಗೆಯಿರಿ.